ನಾನೂರು ಅಡಿ ಕೆಳಗಿನ ಲೋಳೆ

ಕಾನಹೊಸಹಳ್ಳಿಯ ಪಾಲಾಕ್ಷ ಬೋರ್‌ವೆಲ್ ಮೋಟರು ಎತ್ತಿ ರಿಪೇರಿ ಮಾಡುವವನು. ಓದಿದ್ದು ಏಳನೆಯ ತರಗತಿ. ಆದರೆ ಸುತ್ತಲಿನ ಯಾವ ಹೊಲದಲ್ಲಿ ಎಷ್ಟು ಅಡಿಗೆ ಬಂಡೆ, ಎಷ್ಟು ಅಡಿಗೆ ನೀರು ಎಂಬುದೆಲ್ಲ ಅವನಿಗೆ ಬಾಯಿಪಾಠ.

೧೯೯೮ರ ಬೇಸಿಗೆಯಲ್ಲಿ ಗುರುಸಂಗಪ್ಪನವರ ದಾಳಿಂಬೆ ತೋಟದ ಮೋಟರು ನೀರೆತ್ತದೆ ಬರೀ ಗುಂಯ್‌ಗುಟ್ಟಿತು. ಪಾಲಾಕ್ಷ ಇಪ್ಪತ್ತು ಅಡಿ ಉದ್ದದ ಇಪ್ಪತ್ತು ಪೈಪು ಬಿಚ್ಚಿ ಎತ್ತಿ ನೋಡಿದರೆ, ಮೋಟರಿನ ಜಾಲರಿಗೆ ತುಕ್ಕು ಬಣ್ಣದ ಲೋಳೆ ಬೆರಳುದಪ್ಪ ಮೆತ್ತಿಕೊಂಡಿತ್ತು.

"ಪಾಚಿ ಅದು, ತೊಳದು ಇಳಸು," ಅಂದರು ಗುರುಸಂಗಪ್ಪ.

"ಪಾಚಿಗೆ ಬಿಸಿಲು ಬೇಕಲ್ರಿ. ನಾನೂರು ಅಡಿ ಕೆಳಗ ಬಿಸಿಲು ಎಲ್ಲೈತಿ?"

ತೊಳೆದು ಇಳಿಸಿದ ಮೇಲೆ ನೀರು ಬಂತು. ಗುರುಸಂಗಪ್ಪನವರಿಗೆ ಅಷ್ಟೇ ಸಾಕಿತ್ತು, ಪಾಲಾಕ್ಷನಿಗೆ ಸಾಲಲಿಲ್ಲ. ಲೋಳೆಯನ್ನು ಬಾಟ್ಲಿಗೆ ತುಂಬಿ, ಹೈಸ್ಕೂಲಿನ ವಿಜ್ಞಾನದ ಟೀಚರ್ ಅಮೃತಾ ಅವರ ಮುಂದಿಟ್ಟ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವನಿಗೂ ತೋರಿಸಿದರು. ಎಳೆಎಳೆಯಾಗಿ ದಾರದಂಥವು ಕಂಡವು.

"ಜೀವ ಇರೋವು ಇವು. ನೀರಾಗಿನ ಕಬ್ಬಿಣಾನ ಇವಕ್ಕ ಊಟ," ಅಂದರು ಅಮೃತಾ. "ಸಮುದ್ರದ ತಳದಾಗ ನೆಲ ಬಿರಿದು ಕುದಿಯೋ ನೀರು ಉಕ್ಕತೈತಿ. ಅಲ್ಲಿ ಬೆಳಕಿನ ಸುಳಿವಿಲ್ಲ. ಆ ನೀರಾಗಿನ ಗಂಧಕದ ಗಾಳಿ ನಂಬಿ ಸೂಕ್ಷ್ಮಜೀವಿ, ಅವನ್ನ ನಂಬಿ ಹುಳ, ಏಡಿ, ಒಂದು ಊರಿಗೂರೇ ಬದುಕೈತಿ. ಗುರುಗ್ರಹದ ಒಂದು ಚಂದ್ರಕ್ಕ ಯುರೋಪಾ ಅಂತಾರ. ಮ್ಯಾಲೆಲ್ಲ ಹಿಮ, ಕೆಳಗ ಸಮುದ್ರ ಇರಬಹುದಂತ. ಅದರ ತಳದಾಗೂ ಇಂಥ ಬಿಸಿನೀರಿದ್ರ, ಅಲ್ಲೂ ಜೀವ ಇದ್ದೀತು. ಯಾರೂ ನೋಡಿಲ್ಲ."

"ಹಿಮ ಎಷ್ಟು ಅಡಿ ಐತ್ರಿ?"

"ಇಪ್ಪತ್ತು ಕಿಲೋಮೀಟರ್ ಇದ್ರೂ ಇರಬಹುದು."

ಪಾಲಾಕ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಮೂರು ಸಾವಿರದ ಮ್ಯಾಲೆ ಪೈಪು ಬೇಕು. ಪೈಪು ಎತ್ತೋ ನಮ್ಮ ಚೈನು ಅಷ್ಟು ಭಾರ ತಡಿಯಂಗಿಲ್ಲ ಬಿಡ್ರಿ."

ಅಲ್ಲಿಂದ ಮುಂದೆ ಎಲ್ಲಿ ಲೋಳೆ ಸಿಕ್ಕರೂ ಬಾಟ್ಲಿಗೆ ತುಂಬಿ, ಊರು, ಆಳ ಬರೆದು ಮನೆಗೆ ತರತೊಡಗಿದ. ಹೆಂಡತಿ ದ್ಯಾಮಕ್ಕ ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ಅವಳೇ ಕೇಳಿದಳು: "ಇವನ್ನ ಬಿಸಿಲಿಗಿಟ್ರ ಏನಾಕ್ಕೈತಿ?"

ಪಾಲಾಕ್ಷನಿಗೆ ಗೊತ್ತಿರಲಿಲ್ಲ. ಒಂದು ಬಾಟ್ಲಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ, ಇನ್ನೊಂದನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟರು. ತಿಂಗಳಾದ ಮೇಲೆ ನೋಡಿದರೆ ಬಿಸಿಲಿನದರಲ್ಲಿ ಹಸಿರು ಬಂದಿತ್ತು. ಪೆಟ್ಟಿಗೆಯೊಳಗಿನದು ಮಾತ್ರ ಹಾಗೇ ತುಕ್ಕು ಬಣ್ಣ.

"ಎರಡು ಥರದ ಸಂಸಾರ ನೋಡು," ಅಂದಳು ದ್ಯಾಮಕ್ಕ.

ಆ ಹಸಿರು ಮೇಲಿನ ಗಾಳಿಯಿಂದ ಬಂದು ಸೇರಿದ ಪಾಚಿ ಎಂದ ಅಮೃತಾ, ಎರಡೂ ಬಾಟ್ಲಿಗಳನ್ನು ಶಾಲೆಯಲ್ಲೇ ಇಟ್ಟುಕೊಂಡರು. ಮುಂದೆ ಪ್ರತಿವರ್ಷ ಒಂದು ದಿನ ಹತ್ತನೆಯ ತರಗತಿಗೆ ಪಾಲಾಕ್ಷನದೇ ಪಾಠ. ಇಸ್ತ್ರಿ ಅಂಗಿ ತೊಟ್ಟು, ಬೆವರುತ್ತ ನಿಂತು ಹೇಳುತ್ತಿದ್ದ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದ.