ಹಗೇವಿನ ಮೇಲೆ ಬೀಸುಕಲ್ಲು

ನರಗುಂದದ ಕೋಟೆ ಬಿದ್ದ ವರ್ಷ. ಗಜೇಂದ್ರಗಡದಿಂದ ಸೀರೆ ಹೇರಿಕೊಂಡು ಹೊರಟಿದ್ದ ನನ್ನ ಚಕ್ಕಡಿ, ರೋಣ ದಾಟಿದ ಮೇಲೆ ಒಂದು ಸಣ್ಣ ಊರಲ್ಲಿ ನಿಂತುಬಿಟ್ಟಿತು. ದಾರಿಗೆ ಅಡ್ಡವಾಗಿ ಹೆಂಗಸರು ಕೂತು ಜೋಳ ಬೀಸುತ್ತಿದ್ದರು. ಬೀಸುಕಲ್ಲುಗಳನ್ನು ಇಟ್ಟಿದ್ದು ಹಗೇವಿನ ಬಾಯಿಗೆ ಮುಚ್ಚಿದ ಹಾಸುಗಲ್ಲಿನ ಮೇಲೆ. ಅದರ ಕೆಳಗೆ, ನೆಲದೊಳಗೆ, ಕೂಡಿಟ್ಟ ಜೋಳ.

ಎದುರಿಗೆ, ಕೋಟೆ ಗೆದ್ದ ದಂಡಿನ ಸವಾರನೊಬ್ಬ ಕೂಗಾಡುತ್ತಿದ್ದ. ದಂಡಿನ ಕುದುರೆಗಳಿಗೆ ಜೋಳ ಬೇಕಂತೆ, ಹಗೇವು ತೆಗೆಯಬೇಕಂತೆ. ಊರ ಗೌಡ, ಅಷ್ಟು ದೊಡ್ಡ ಮೀಸೆಯವನು, ಕೈಕಟ್ಟಿ ನೆಲ ನೋಡುತ್ತಿದ್ದ.

"ಗೌಡರ ಹಗೇವು ಅಲ್ರಿ ಇದು," ಎಂದಳು ನಡುವೆ ಕೂತಿದ್ದ ಮುದುಕಿ, ಕಲ್ಲು ತಿರುವುತ್ತಲೇ. "ಸುಗ್ಗಿ ಮುಗದ ಹೊಲದಾಗ ಬಿದ್ದ ತೆನಿ ನಾವು ಹೆಣ್ಮಕ್ಕಳು ಆರಿಸಿ ತುಂಬೇವಿ. ಬಾಣಂತಿ ಇದ್ದ ಮನಿಗಿ, ಒಲಿ ಹತ್ತದ ಮನಿಗಿ ಇದರಾಗಿಂದ ಹೋಗತೈತಿ. ನಿಮ್ಮ ಕುದುರಿ ಬಾಣಂತಿ ಏನ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ಸವಾರ ಚಾಬೂಕು ಎತ್ತಿದ. ಒಬ್ಬಳೂ ಏಳಲಿಲ್ಲ, ಬೀಸುವ ಪದವನ್ನು ಇನ್ನಷ್ಟು ಜೋರಾಗಿ ಎತ್ತಿಕೊಂಡರು. ಕಲ್ಲುಗಳ ಸದ್ದಿಗೆ ಕುದುರೆ ಬೆದರಿ ಹಿಂದೆ ಹಿಂದೆ ಸರಿಯಿತು. ಸವಾರ ಬೈಯುತ್ತ ಲಗಾಮು ತಿರುಗಿಸಿ ನರಗುಂದದ ದಾರಿ ಹಿಡಿದ.

"ನಾಳೆ ಇನ್ನಷ್ಟು ಸವಾರರನ್ನು ಕರಕೊಂಡು ಬಂದರೆ?" ಎಂದು ನಾನು ಮುದುಕಿಯನ್ನು ಕೇಳಿದೆ.

ಅವಳು ಕಲ್ಲಿನ ಬಾಯಿಗೆ ಮತ್ತೊಂದು ಹಿಡಿ ಜೋಳ ಹಾಕಿದಳು.

"ಬರ್ಲಿ ಬಿಡ್ರಿ. ಊರಾಗ ಬೀಸುಕಲ್ಲು ಇನ್ನೂ ಭಾಳ ಅದಾವ."