ಅರಿಶಿನ ಹಚ್ಚಿದ ಅರ್ಜಿ

ಬಯೋಡೇಟಾ ಅನ್ನೋದು ಮದುವೆಗೆ ಮಾತ್ರವಲ್ಲ, ಕೆಲಸಕ್ಕೂ ಬೇಕಾಗುತ್ತೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಂಜನಗೂಡಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಪುರೋಹಿತರು, ಊರಿನ ಅರ್ಧ ಜನರ ಜಾತಕ ಬರೆದವರು. ನಾನು ಬಿ.ಎ. ಪಾಸು ಮಾಡಿ, ಟೈಪಿಂಗ್ ಕಲಿತು, ಮನೆಯಲ್ಲಿ ಕೂತಿದ್ದೆ.

ಕೂತಿದ್ದೆ ಅಂದರೆ ನಿಜವಾಗಲೂ ಕೂತಿದ್ದೆ. ಗಂಡಿನ ಕಡೆಯವರು ಬರುತ್ತಾರೆ ಅಂದರೆ ಸಾಕು, ಅಮ್ಮ ಅಟ್ಟದಿಂದ ಕೆಂಪು ಪಟ್ಟೆಯ ಜಮಖಾನ ಇಳಿಸಿ ನಡುಮನೆಯಲ್ಲಿ ಹಾಸುತ್ತಿದ್ದಳು. ನಾನು ಅದರ ಮೇಲೆ ಕೂರಬೇಕು. ಅವರು ಕುರ್ಚಿಯ ಮೇಲೆ ಕೂತು ಕೇಸರಿಬಾತು, ಉಪ್ಪಿಟ್ಟು ತಿಂದು, ಒಂದು ಹಾಡು ಕೇಳಿ, ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ ಒಂದೇ ಮಾತು ಹೇಳೋರು: "ಊರಿಗೆ ಹೋಗಿ ಕಾಗದ ಬರೀತೀವಿ." ಆಮೇಲೆ ಅಮ್ಮ ನಾಲ್ಕು ದಿನ ಪೋಸ್ಟಿನವನ ದಾರಿ ಕಾಯುವಳು. ಒಂದು ಕಾಗದವೂ ಬರಲಿಲ್ಲ. ಬೇಡ ಅಂತಾದರೂ ಬರೆಯಬಾರದೇನ್ರೀ? ಒಂದು ಕಾರ್ಡಿಗೂ ಗತಿ ಇರಲಿಲ್ಲವೇ ಆ ಮಹಾನುಭಾವರಿಗೆ? ಎಷ್ಟು ಜನ ಬಂದುಹೋದರು ಅಂತ ಲೆಕ್ಕ ಇಡೋದನ್ನ ನಾನು ಯಾವತ್ತೋ ಬಿಟ್ಟಿದ್ದೆ. ಇನ್ನೊಂದು ಸಲ ಆ ಜಮಖಾನದ ಮೇಲೆ ಕೂತರೆ ನನಗೆ ಹುಚ್ಚೇ ಹಿಡಿಯುತ್ತೆ ಅನ್ನಿಸಿಬಿಟ್ಟಿತ್ತು.

ಅಂಥದ್ದರಲ್ಲಿ ವಾಚನಾಲಯದ ಪೇಪರಿನಲ್ಲಿ ಒಂದು ಸಣ್ಣ ಜಾಹೀರಾತು ಕಣ್ಣಿಗೆ ಬಿತ್ತು. ಟಿ. ನರಸೀಪುರದ ಒಂದು ಹೆಣ್ಣುಮಕ್ಕಳ ನಿಲಯಕ್ಕೆ ವಸತಿ ಸಲಹೆಗಾರ್ತಿ ಬೇಕು, ಅಲ್ಲೇ ವಾಸ, ಊಟ ಮತ್ತು ಒಂದು ಕೋಣೆ, ಬಯೋಡೇಟಾ ಸಹಿತ ಅರ್ಜಿ ಹಾಕಿ. ಒಂದು ಕೋಣೆ! ಅಷ್ಟನ್ನೇ ಎರಡು ಸಲ ಓದಿದೆ. ಆಮೇಲೆ ಸಲಹೆಗಾರ್ತಿ ಅನ್ನೋದು ತಲೆಯಲ್ಲಿ ಹುಳದ ಹಾಗೆ ಕೊರೆಯೋಕೆ ಶುರುವಾಯಿತು. ಸಲಹೆ ಕೊಡೋಕೆ ಸಂಬಳ ಕೊಡ್ತಾರಾ? ನಮ್ಮ ಬೀದಿಯಲ್ಲಿ ಎಲ್ಲರೂ ಬಿಟ್ಟಿಯಾಗಿಯೇ ಕೊಡ್ತಾರಲ್ಲ, ಅದೂ ಕೇಳದೆ ಇದ್ದರೂ! ಟೈಪಿಂಗ್ ಮೇಷ್ಟ್ರನ್ನ ಕೇಳಿದೆ. "ವಾರ್ಡನ್ ಕಣಮ್ಮ, ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋದು" ಅಂದರು. ಹೈಸ್ಕೂಲಿನಲ್ಲಿ ಪಾಠ ಹೇಳಿದ ಟೀಚರನ್ನ ಕೇಳಿದೆ. "ಹಾಗಲ್ಲ, ಕಷ್ಟದಲ್ಲಿರೋರ ಜತೆ ಕೂತು ಮಾತಾಡೋದು" ಅಂದರು. ಏನು ಮಾತಾಡೋದು ಅಂದರೆ ಅವರಿಗೂ ಗೊತ್ತಿರಲಿಲ್ಲ.

ನರಸೀಪುರವನ್ನೂ ನಾನು ನೋಡಿರಲಿಲ್ಲ. ದಿನಾ ಬಟ್ಟೆ ಒಗೆಯೋ ನಮ್ಮ ಕಪಿಲೆ ಅಲ್ಲಿಗೇ ಹೋಗಿ ಕಾವೇರಿಗೆ ಸೇರುತ್ತೆ. ನನ್ನ ಸೋಪಿನ ನೊರೆ ಇಷ್ಟು ವರ್ಷದಿಂದ ನರಸೀಪುರ ನೋಡಿಕೊಂಡು ಬರ್ತಿದೆ, ನಾನು ಮಾತ್ರ ಇಲ್ಲೇ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೀನಿ ಅಂತ ಅವತ್ತು ಬಟ್ಟೆ ಕುಕ್ಕುತ್ತಾ ಅಂದುಕೊಂಡೆ.

ಅಪ್ಪನಿಗೆ ಹೇಳಿದಾಗ ಅವರು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. "ಬಯೋಡೇಟಾ ತಾನೆ? ಅದೇನು ಬ್ರಹ್ಮವಿದ್ಯೆಯೇ? ನಿನ್ನದನ್ನ ನಾನು ಎಷ್ಟು ಸಲ ಬರೆದಿಲ್ಲ!" ಅಂತ ಕನ್ನಡಕ ಏರಿಸಿಕೊಂಡು ಕೂತೇಬಿಟ್ಟರು. ನಾನೂ ಅದು ಬಿಟ್ಟು ಬೇರೆ ಬಯೋಡೇಟಾ ಕಂಡಿರಲಿಲ್ಲವಲ್ಲ, ಹೀಗೇ ಇರುತ್ತೇನೋ ಅಂತ ಸುಮ್ಮನಾದೆ. ಮೇಲೆ ಶ್ರೀಕಾರ. ತಾತನ ಹೆಸರು, ಮುತ್ತಾತನ ಹೆಸರು, ಗೋತ್ರ, ಸೂತ್ರ, ನಕ್ಷತ್ರ, ಪಾದ. ಬಣ್ಣ ಗೋಧಿ. ಎತ್ತರ ಸಾಧಾರಣ. ಗೃಹಕೃತ್ಯದಲ್ಲಿ ನಿಪುಣೆ, ಸಂಗೀತ ಜ್ಞಾನ ಉಂಟು, ಮೃದು ಸ್ವಭಾವ.

"ಮೃದು ಸ್ವಭಾವವಂತೆ!" ಅಂತ ಅಮ್ಮ ಅಡುಗೆಮನೆಯಿಂದಲೇ ನಕ್ಕಳು. ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನೋದು ಬೀದಿಗೆಲ್ಲಾ ಗೊತ್ತು.

"ಅಪ್ಪ, ಕೆಲಸಕ್ಕೆ ಅಂದಮೇಲೆ ಅನುಭವ ಅಂತ ಒಂದು ಬರೀಬೇಕಂತೆ. ಟೈಪಿಂಗ್ ಮೇಷ್ಟ್ರು ಹೇಳಿದರು."

"ಏನು ಅನುಭವ ಇದೆ ನಿನಗೆ?"

ಏನಿದೆ? ಅಡುಗೆ ಬಡಿಸಿದ್ದು, ಹಾಡಿದ್ದು, ತಲೆ ತಗ್ಗಿಸಿ ಕೂತಿದ್ದು. ಕೊನೆಗೆ ಅಪ್ಪ "ಅನುಭವ: ಇಲ್ಲ" ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಗಿಸಿದರು. ಆ ಎರಡು ಪದ ನೋಡಿ ನನಗೆ ಅಳುವೇ ಬಂತು. ಅಮ್ಮ ಒದ್ದೆ ಕೈ ಒರೆಸಿಕೊಂಡು ಬಂದು, ಶುಭಕಾರ್ಯದ ಕಾಗದಕ್ಕೆ ಮಾಡೋ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಡುವೆ ಕುಂಕುಮದ ಬೊಟ್ಟಿಟ್ಟು, ದೇವರ ಮುಂದಿಟ್ಟು ತಂದಳು. ನಾನೇ ಹೋಗಿ ಪೋಸ್ಟ್ ಡಬ್ಬಕ್ಕೆ ಹಾಕಿದೆ.

ತಿಂಗಳಾಯಿತು, ಸುದ್ದಿ ಇಲ್ಲ. ಇದೂ ಅದೇ ಜಾತಿ ಅಂದುಕೊಳ್ಳೋ ಹೊತ್ತಿಗೆ ಅಪ್ಪನ ಹೆಸರಿಗೆ ಒಂದು ಕಾರ್ಡು ಬಂತು. ಭಾನುವಾರ ಬೆಳಗಿನ ಬಸ್ಸಿಗೆ ಬಂದು ಹುಡುಗಿಯನ್ನು ನೋಡುತ್ತೇನೆ ಅಂತ ನಿಲಯದ ಮೇಲ್ವಿಚಾರಕಿ ಬರೆದಿದ್ದರು. ಅಷ್ಟೇ ಸಾಕಾಯಿತು ನೋಡಿ. ಭಾನುವಾರ ಬೆಳಿಗ್ಗೆ ಮನೆಯೆಲ್ಲಾ ರವೆ ಹುರಿದ ಘಮ, ನಡುಮನೆಯಲ್ಲಿ ಅದೇ ಜಮಖಾನ, ನನಗೆ ಅದೇ ಹಸಿರು ರೇಷ್ಮೆ ಸೀರೆ.

"ಅಮ್ಮ, ಇದು ಕೆಲಸಕ್ಕೆ ಕಣೇ! ಜಮಖಾನ ಯಾಕೆ?"

"ನೋಡೋಕೆ ಬರೋರು ನೋಡೋಕೆ ಬರೋರೇ. ಹೂವು ಮುಡಿದುಕೋ, ಸುಮ್ಮನೆ."

ಬಂದವರು ಒಬ್ಬರೇ. ಐವತ್ತು ದಾಟಿದ ಹೆಂಗಸು, ಖಾದಿ ಸೀರೆ, ಕೈಯಲ್ಲಿ ಕೊಡೆ, ಹೆಗಲಲ್ಲಿ ಬಟ್ಟೆಯ ಚೀಲ. ಅಪ್ಪ ಕುರ್ಚಿ ಎಳೆದರೆ ಅದರತ್ತ ನೋಡಲೂ ಇಲ್ಲ, ಸೀದಾ ಬಂದು ಜಮಖಾನದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಆ ಜಮಖಾನದ ಮೇಲೆ ನನ್ನ ಜತೆ ಬೇರೊಬ್ಬರು ಕೂತದ್ದು ಅದೇ ಮೊದಲು. ಚೀಲದಿಂದ ನನ್ನ ಅರ್ಜಿ ತೆಗೆದರು. ಅರಿಶಿನ ಇನ್ನೂ ಹಾಗೇ ಇತ್ತು.

"ಇದೇನವ್ವ ಇದು? ನಮ್ ಆಪೀಸಿನ ಗುಮಾಸ್ತ ಲಗ್ನಪತ್ರಿಕೆ ಅಂದ್ಕಂಡು ತಂತಿಗೆ ಸಿಗಾಕ್ಬುಟ್ಟಿದ್ದ. ಯಾರ ಮದ್ವೆ, ಊಟ ಯಾವತ್ತು ಅಂತ ನೋಡಕ್ಕೋಗಿ ನಾನ್ ಓದ್ದೆ!"

ಅಪ್ಪನ ಮುಖ ಕೆಂಪಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಮಾತ್ರ ಹೊಟ್ಟೆ ಹಿಡಿದು ನಕ್ಕರು. ಅಮ್ಮ ವಾಡಿಕೆಯಂತೆ ಊರು ಯಾವುದು ಅಂತ ಕೇಳಿದಳು. "ಬದನವಾಳು. ಸಣ್ಣೋಳಿದ್ದಾಗಿಂದ ಖಾದಿ ಕೇಂದ್ರದಲ್ಲಿ ನೂಲು ತೆಗ್ದು ಬೆಳ್ದೋಳು" ಅಂದು, ಕೇಳದೆಯೇ ತಮ್ಮ ಕೇರಿಯನ್ನೂ ಹೇಳಿದರು. ಅಮ್ಮ ಒಂದು ಗಳಿಗೆ ಹಾಗೇ ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಳಗೆ ಹೋದವಳು ಗಂಡಿನ ಕಡೆಯವರಿಗೆ ಅಂತಲೇ ಎತ್ತಿಟ್ಟಿದ್ದ ಬೆಳ್ಳಿ ಲೋಟದಲ್ಲಿ ಕಾಫಿ ತಂದಳು.

ಹಾಡು ಕೇಳಲಿಲ್ಲ ಆಕೆ. ನಿಲಯದಲ್ಲಿ ಯಾರಿದ್ದಾರೆ ಅಂತ ಹೇಳಿದರು: ಗಂಡ ಬಿಟ್ಟವರು, ಅಪ್ಪ ಅಮ್ಮ ಇಲ್ಲದವರು, ಇದ್ದೂ ಬೇಡವಾದವರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು.

"ಒಂದು ಎಣ್ ಮಗೀನ ಅವರಪ್ಪ ತಂದು ಬುಟ್ಟು, ಮುಂದಿನ್ ವಾರ ಬತ್ತೀನಿ ಅಂದು ಓಗವ್ನೆ. ಅವ ಬರಾಕಿಲ್ಲ. ನಂಗೊತ್ತು. ಮಗ ದಿನಾ ಗೇಟ್ ತಾವ ನಿಂತಿರ್ತದೆ. ಏನ್ ಏಳ್ತೀಯ ಅದ್ಕೆ?"

ನನಗೆ ಬರೀ ಪ್ರಶ್ನೆಗಳು ಬಂದವು. ಎಷ್ಟು ವಯಸ್ಸು? ಊಟ ಮಾಡಿರ್ತಾಳಾ? ಬಿಸಿಲಲ್ಲಿ ನಿಂತಿರ್ತಾಳಾ? ಅವರಪ್ಪ ಬರಲ್ಲ ಅಂತ ನಿಮಗೆ ಹೇಗೆ ಗೊತ್ತು? ಅವಳಿಗೂ ಒಳಗೊಳಗೇ ಗೊತ್ತಿರಬಹುದಾ? ಆಕೆ ಒಂದೊಂದಕ್ಕೂ ಸಮಾಧಾನವಾಗಿ ಹೇಳಿದರು. ಆಮೇಲೂ ನಾನು ಏನು ಹೇಳಬೇಕು ಅಂತ ಹೊಳೆಯದೆ ಸೆರಗಿನ ತುದಿ ಸುತ್ತುತ್ತಾ ಕೂತೆ. ಅಪ್ಪ ಮಧ್ಯೆ ಬಾಯಿ ಹಾಕಿ, "ಚೆನ್ನಾಗಿ ಹಾಡ್ತಾಳೆ" ಅಂದರು. ಅವರನ್ನ ಅಲ್ಲೇ ಸುಟ್ಟುಬಿಡೋಣ ಅನ್ನೋಷ್ಟು ಸಿಟ್ಟು ಬಂತು.

ಆಕೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಅಮ್ಮ ಕೊಟ್ಟ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ ಅಪ್ಪನಿಗೆ ಕೈ ಮುಗಿದು ಅಂದರು, "ಊರ್ಗೋಗಿ ಕಾಗ್ದ ಬರೀತೀನಿ ಸ್ವಾಮಿ."

ಅಮ್ಮ ಆಗಲೇ ಮುಖ ತಿರುಗಿಸಿದ್ದಳು. ಅಪ್ಪ ಎಂದಿನ ಹಾಗೆ "ಆಗಲಿ, ಆಗಲಿ" ಅನ್ನುತ್ತಾ ತಲೆ ಆಡಿಸುತ್ತಿದ್ದರು.

"ಕಾಗದ ಗೀಗದ ಏನೂ ಬೇಡಮ್ಮ!" ಅಂತ ಕಿರುಚಿಯೇಬಿಟ್ಟೆ. "ಬೇಡ ಅಂದರೆ ಬೇಡ ಅಂತ ಇಲ್ಲೇ ಹೇಳಿ, ನನ್ನ ಮುಖ ನೋಡಿ ಹೇಳಿ. ಕಾಗದ ಅಂದವರು ಒಬ್ಬರೂ ಬರೆದಿಲ್ಲ. ನನಗೆ ಕಾದು ಕಾದು ಸಾಕಾಗಿದೆ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅಪ್ಪ "ಏಯ್, ಏನಿದು!" ಅಂದರು. ಆಕೆ ಮೆಟ್ಟಿದ್ದ ಚಪ್ಪಲಿ ಮತ್ತೆ ಬಿಟ್ಟು, ಕೊಡೆ ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕೂತರು. ಕೋಪ ಇರಲಿಲ್ಲ ಮುಖದಲ್ಲಿ.

"ಆಗ ಕೇಳ್ದಾಗ ಸುಮ್ಕಿದ್ದೆ. ಈಗೇಳವ್ವ. ಗೇಟ್ ತಾವ ನಿಂತಿರೋ ಮಗೀಗೆ ಏನಂತೀಯ?"

"ನಿಮ್ಮಪ್ಪ ಬರಲ್ಲ ಅಂತೀನಿ" ಅಂದೆ. ಅಳುತ್ತಿದ್ದೆ. "ಪಕ್ಕದಲ್ಲಿ ಕೂತು ಹೇಳ್ತೀನಿ. ಅವಳು ಎಷ್ಟು ಹೊತ್ತು ಅತ್ತರೂ ಅಲ್ಲೇ ಕೂತಿರ್ತೀನಿ. ಆಮೇಲೆ ಊಟಕ್ಕೆ ಕರಕೊಂಡು ಹೋಗ್ತೀನಿ. ನಾಳೆ ಬರ್ತಾರೆ ಅಂತ ಮಾತ್ರ ಹೇಳಲ್ಲ, ಸತ್ತರೂ ಹೇಳಲ್ಲ."

ಆಕೆ ಒರಗಿಸಿದ್ದ ಕೊಡೆ ಎತ್ತಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಸ್ವಾಮಿ, ಕ್ವಾಣೆ ತೊಳ್ಸಿ ಮಡಗ್ತೀನಿ. ನಾಡಿದ್ದು ಕಳ್ಸಿಕೊಡಿ. ಆಸಿಗೆ ಮಾತ್ರ ಇವಳೇ ತರ್ಬೇಕು."

ಅಪ್ಪ ನನ್ನ ನೋಡಿದರು, ಅಮ್ಮನ ನೋಡಿದರು, ಬೆರಳಲ್ಲಿ ಏನೋ ಎಣಿಸಿದರು. ಎಲ್ಲಿ ಬೇಡ ಅಂದುಬಿಡ್ತಾರೋ ಅಂದುಕೊಂಡೆ.

"ನಾಡಿದ್ದು ಮಂಗಳವಾರ" ಅಂದರು. "ಹೆಣ್ಣುಮಗಳನ್ನ ಮನೆಯಿಂದ ಕಳಿಸೋ ದಿನ ಅಲ್ಲ ಅದು. ಬುಧವಾರ ಚೆನ್ನಾಗಿದೆ. ಬುಧವಾರ ನಾನೇ ಕರಕೊಂಡು ಬಂದು ಬಿಡ್ತೀನಿ."

ಮಂಗಳವಾರ ಸಂಜೆ ಅಮ್ಮ ನನ್ನ ಹಾಸಿಗೆ ಸುತ್ತೋಕೆ ಕೂತಳು. ಮೆತ್ತೆ, ದಿಂಬು, ಹೊದಿಕೆ ಇಟ್ಟು, ಮೇಲೆ ಸುತ್ತೋಕೆ ಅಂತ ಆ ಕೆಂಪು ಪಟ್ಟೆಯ ಜಮಖಾನವನ್ನೇ ಎಳೆದಳು.

"ಅಮ್ಮ, ಅದು ಬೇಡ. ಮನೆಗೆ ಯಾರಾದರೂ ನೋಡೋಕೆ ಬಂದರೆ?"

"ಬಂದರೆ ಬರಲಿ" ಅಂದಳು ಅಮ್ಮ. ಹಗ್ಗ ಸುತ್ತಿ, ಮಂಡಿ ಊರಿ, ಇದ್ದಬದ್ದ ಶಕ್ತಿಯೆಲ್ಲಾ ಹಾಕಿ ಗಂಟು ಬಿಗಿದಳು. "ನನ್ನ ಮಗಳು ಮನೇಲಿಲ್ಲ, ಕೆಲಸಕ್ಕೆ ಹೋಗಿದ್ದಾಳೆ ಅಂತೀನಿ."