ಹರಳು ತಾಳ ಹಿಡಿಯುವವರೆಗೆ
ಗೋಕಾಕದ ಗಡಿಯಾರ ರಿಪೇರಿಯ ರಾವಸಾಹೇಬ ಕಾಕಾ ಹೊಸ ಸೆಲ್ ಹಾಕಿದ ಕೂಡಲೇ ಗಡಿಯಾರವನ್ನು ಯಾರ ಕೈಗೂ ಕೊಡುವುದಿಲ್ಲ. ಕಳ್ಳನನ್ನು ಕೂರಿಸಿಕೊಂಡ ಫೌಜುದಾರನಂತೆ ಒಂದು ತಾಸು ಅದನ್ನೇ ದಿಟ್ಟಿಸುತ್ತಾರೆ. ಫೋನು, ರೇಡಿಯೋಗಳನ್ನು ಸಾಕ್ಷಿಗೆ ಕರೆದು ಅವುಗಳ ಮೇಲೂ ಸಂಶಯಪಡುತ್ತಾರೆ. "ಕೂಸಿಗೆ ಆರು ತಾಸಿಗೊಮ್ಮೆ ಔಷಧ ಹಾಕಬೇಕ್ರಿ ಕಾಕಾ, ಕೊಟ್ಟಬಿಡ್ರಿ" ಎಂದಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ ಗಿರಾಕಿ ಅನ್ನಪೂರ್ಣಾ. "ತಡಿ ತಂಗಿ, ಮುಳ್ಳು ನಡಸೋ ಒಳಗಿನ ಹರಳು ಈಗ ಎದ್ದೈತಿ, ಇನ್ನೂ ತಾಳ ಹಿಡಿದಿಲ್ಲ. ನಿದ್ದಿಗಣ್ಣಾಗಿನ ಮಾತು ಯಾರರ ನಂಬತಾರೇನು?" ಎಂದರು ಕಾಕಾ. ಹಟಮಾರಿ ಮುದುಕನೆಂದು ಅವಳಿಗೆ ಸಿಟ್ಟು ಬಂತು. ಬಾಜೂ ಕೂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದಳು: "ದವಾಖಾನಿ ಹೆರಿಗಿ ಖೋಲಿ ಗಡಿಯಾರ ಒಮ್ಮೆ ಇವರು ಹಿಂಗ ನೋಡದ ಗಡಿಬಿಡಿಲೆ ಕೊಟ್ಟಬಿಟ್ಟಿದ್ರವ್ವಾ, ಅದು ತಪ್ಪು ವ್ಯಾಳ್ಯಾ ತೋರಿಸ್ತು. ಅವತ್ತ ಅಲ್ಲೇ ನಮ್ಮ ಮಗಳು ಹುಟ್ಟಿದಳು. ಆಕಿ ಹುಟ್ಟಿದ ವ್ಯಾಳ್ಯಾ ಇವತ್ತಿಗೂ ಖರೆ ಗೊತ್ತಿಲ್ಲ. ಅದಕ್ಕ ಜಾತಕ ಎರಡಾದವು, ನೋಡಾಕ ಬಂದ ವರಗಳೆಲ್ಲಾ ತಿರುಗಿ ಹ್ವಾದರು." ಅನ್ನಪೂರ್ಣಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತ ಕೂತಳು.